ಕೇಂಬ್ರಿಡ್ಜ್ ಒಂದು ದಿನದ ಟ್ರಿಪ್, ಸಹಾಯ ಬೇಕು
ಎಲ್ಲರಿಗೂ ನಮಸ್ಕಾರ, ಮುಂದಿನ ತಿಂಗಳು ಅಪ್ಪ ಅಮ್ಮ ಲಂಡನ್ನಿಗೆ ಬರ್ತಿದಾರೆ, ಒಂದು ದಿನ ಕೇಂಬ್ರಿಡ್ಜ್‌ಗೆ ಕರ್ಕೊಂಡು ಹೋಗೋಣ ಅಂತಿದೀನಿ. ಕಿಂಗ್ಸ್ ಕ್ರಾಸಿಂದ ಫಾಸ್ಟ್ ಟ್ರೈನಲ್ಲಿ ಸುಮಾರು 50 ನಿಮಿಷ, ಅದು ಓಕೆ, ಆದ್ರೆ ಸ್ಟೇಷನ್ನಿಂದ ಹಳೇ ಕಾಲೇಜುಗಳಿರೋ ಕಡೆಗೆ ಸ್ವಲ್ಪ ದೂರಾನೇ ಇದೆ, ಅಮ್ಮಂಗೆ ಮಂಡಿನೋವು ಬೇರೆ, ಬಸ್ಸಲ್ಲಿ ಹೋದ್ರೆ ಆಗುತ್ತಾ ಟ್ಯಾಕ್ಸಿನೇ ಮಾಡ್ಬೇಕಾ? ಕಿಂಗ್ಸ್ ಕಾಲೇಜ್ ಚಾಪೆಲ್ ಅಂತೂ ನೋಡ್ಲೇಬೇಕು, 1446ರಲ್ಲಿ ಶುರು ಮಾಡಿದ್ದು, ಆ ಕಲ್ಲಿನ ಚಾವಣಿ ಬೀಸಣಿಗೆ ಬಿಚ್ಚಿಟ್ಟ ಹಾಗಿದೆ. ಅಪ್ಪ ಗಣಿತದ ಮೇಷ್ಟ್ರಾಗಿದ್ದೋರು, ರಾಮಾನುಜನ್ 1914ರಲ್ಲಿ ಬಂದು ಸೇರಿದ ಟ್ರಿನಿಟಿ ಕಾಲೇಜೊಳಗೆ ಒಂದ್ಸಲ ಕಾಲಿಡ್ಬೇಕು ಅನ್ನೋದು ಅವರ ಎಷ್ಟೋ ವರ್ಷದ ಆಸೆ, ಅದಕ್ಕೇ ಇಷ್ಟು ಕೇಳ್ತಿರೋದು. ಪರೀಕ್ಷೆ ಟೈಮಲ್ಲಿ ಕೆಲವು ಕಾಲೇಜು ಒಳಗೆ ಬಿಡಲ್ವಂತೆ, ಈಚೆಗೆ ಹೋಗ್ಬಂದೋರು ದಯವಿಟ್ಟು ಹೇಳಿ. ಆಮೇಲೆ ಪಂಟಿಂಗ್, ಅಂದ್ರೆ ಉದ್ದ ಕೋಲಲ್ಲಿ ತಳ್ಕೊಂಡು ಹೋಗೋ ದೋಣಿ ಸವಾರಿ, ಆ ದೋಣೀಲಿ ತುಂಬ ತಗ್ಗಲ್ಲಿ ಕೂರ್ಬೇಕಲ್ಲ, ಮಂಡಿನೋವಿರೋರು ಹತ್ತಿ ಇಳಿಯಕ್ಕೆ ಆಗುತ್ತಾ?