ವೃತ್ತಿ ಮಾರ್ಗದರ್ಶನ ಶಿಬಿರ ಮುಗಿದ ಮೇಲೆ ಏನು? ಯುವಜನರ ಕಾರ್ಯಕ್ರಮದ ಬಗ್ಗೆ ಸಲಹೆ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಸಾರ್ವಜನಿಕ ಗ್ರಂಥಾಲಯದ ನೆರವಿನಿಂದ ಹದಿನಾಲ್ಕರಿಂದ ಇಪ್ಪತ್ತು ವರ್ಷದ ವಿದ್ಯಾರ್ಥಿಗಳಿಗಾಗಿ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮ ನಡೆಸುತ್ತಿರುವ ಸ್ವಯಂಸೇವಕರ ತಂಡದಲ್ಲಿ ನಾನೂ ಒಬ್ಬಳು. ನಾವು ಮಾಡುತ್ತ ಬಂದಿರುವುದು ಮುಖ್ಯವಾಗಿ ಎರಡು ಕೆಲಸ. ಹೆಸರು ಮಾಡಿದ ಒಬ್ಬರನ್ನು ಕರೆಸಿ ಉಪನ್ಯಾಸ ಏರ್ಪಡಿಸುತ್ತೇವೆ. ಜೊತೆಗೆ ಯಾರಿಗೆ ಯಾವುದರಲ್ಲಿ ಒಲವು, ಸಾಮರ್ಥ್ಯವಿದೆ ಎಂದು ನೋಡುವ ಆಪ್ಟಿಟ್ಯೂಡ್ ಪರೀಕ್ಷೆ ನಡೆಸಿ, ಫಲಿತಾಂಶದ ಹಾಳೆಯನ್ನು ಪ್ರತಿಯೊಬ್ಬರ ಕೈಗೂ ಕೊಟ್ಟು ಕಳಿಸುತ್ತೇವೆ. ಸಭಾಂಗಣ ತುಂಬುತ್ತದೆ, ಪೋಷಕರೂ ಸಂತೋಷಪಡುತ್ತಾರೆ. ಆದರೆ ಕೆಲವು ತಿಂಗಳ ನಂತರ ಅದೇ ವಿದ್ಯಾರ್ಥಿಗಳನ್ನು ಮಾತನಾಡಿಸಿದರೆ, ಮುಂದೆ ಏನಾಗಬೇಕೆಂದಿದ್ದೀರಿ ಎಂಬುದಕ್ಕೆ ಸಿಗುವ ಉತ್ತರ ಮೊದಲಿನದೇ ಆಗಿರುತ್ತದೆ: ವೈದ್ಯರು, ಎಂಜಿನಿಯರು, ಶಿಕ್ಷಕರು, ಪೊಲೀಸರು. ಆ ಕೆಲಸದಲ್ಲಿರುವವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ನಮ್ಮಲ್ಲಿ ಹಣ ಕಡಿಮೆ. ವಾರಕ್ಕೆ ಒಂದು ಸಂಜೆ ಕೊಡಬಲ್ಲ ಕೆಲವರಿದ್ದಾರೆ, ಕೂರಲು ಒಂದು ಕೋಣೆಯಿದೆ. ಇಷ್ಟರಲ್ಲಿ ಈ ಮಕ್ಕಳಿಗೆ ನಿಜವಾಗಿ ಪ್ರಯೋಜನವಾಗುವಂಥ ಏನನ್ನು ಮಾಡಬಹುದು? ಉಪನ್ಯಾಸವನ್ನೂ ಪರೀಕ್ಷೆಯನ್ನೂ ಪೂರ್ತಿ ಕೈಬಿಡಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ನೀವು ಹೇಳಿದ ಸ್ಥಿತಿ ಎಲ್ಲ ಕಡೆಯೂ ಇದೆ. ಪೀಸಾ ಎಂಬ ಅಂತರರಾಷ್ಟ್ರೀಯ ಶೈಕ್ಷಣಿಕ ಸಮೀಕ್ಷೆಯ 2018ರ ಸುತ್ತಿನಲ್ಲಿ ಹದಿನೈದು ವರ್ಷದ ವಿದ್ಯಾರ್ಥಿಗಳನ್ನು, ಮೂವತ್ತನೆಯ ವಯಸ್ಸಿಗೆ ಯಾವ ಉದ್ಯೋಗದಲ್ಲಿರುತ್ತೇವೆಂದು ನಿರೀಕ್ಷಿಸುತ್ತೀರಿ ಎಂದು ಕೇಳಲಾಗಿತ್ತು. 41 ದೇಶಗಳ ಉತ್ತರಗಳನ್ನು ಒಟ್ಟುಗೂಡಿಸಿದಾಗ, ಹುಡುಗರಲ್ಲಿ ಶೇ 47ರಷ್ಟು ಮತ್ತು ಹುಡುಗಿಯರಲ್ಲಿ ಶೇ 53ರಷ್ಟು ಮಂದಿ ಹೆಸರಿಸಿದ್ದು ಅತಿ ಜನಪ್ರಿಯವಾದ ಹತ್ತೇ ಹತ್ತು ಉದ್ಯೋಗಗಳನ್ನು. ಇದಕ್ಕೆ ಮಕ್ಕಳನ್ನು ದೂರುವಂತಿಲ್ಲ. ಮನೆಯವರು, ಶಾಲೆಯವರು ಮತ್ತು ಪರದೆಯ ಮೇಲೆ ಕಾಣುವವರನ್ನು ಬಿಟ್ಟರೆ ದುಡಿಯುವ ಜನರನ್ನು ಹತ್ತಿರದಿಂದ ಮಾತನಾಡಿಸುವ ಅವಕಾಶವೇ ಅವರಿಗೆ ಸಿಕ್ಕಿರುವುದಿಲ್ಲ.

ವೃತ್ತಿ ಮಾರ್ಗದರ್ಶನ ಎಂಬ ಕೆಲಸ ಹುಟ್ಟಿದ್ದೇ ನಿಮ್ಮಂಥ ಒಂದು ಸಮುದಾಯ ಕೇಂದ್ರದಲ್ಲಿ. ಅಮೆರಿಕದ ಬಾಸ್ಟನ್ ನಗರದಲ್ಲಿ ವಲಸೆ ಬಂದ ಬಡ ಕುಟುಂಬಗಳಿಗಾಗಿ ನಡೆಯುತ್ತಿದ್ದ ಒಂದು ಸೇವಾಕೇಂದ್ರದಲ್ಲಿ, ಫ್ರಾಂಕ್ ಪಾರ್ಸನ್ಸ್ ಅವರು 1908ರಲ್ಲಿ ಯುವಕರಿಗೆ ಉದ್ಯೋಗ ಆಯ್ಕೆಯ ಸಲಹೆ ಕೊಡುವ ಬ್ಯೂರೋ ಒಂದನ್ನು ಆರಂಭಿಸಿದರು. ಅವರ ವಿಧಾನಕ್ಕೆ ಮೂರು ಭಾಗಗಳಿದ್ದವು: ತನ್ನನ್ನು ತಾನು ಅರಿಯುವುದು, ಕೆಲಸಗಳ ನಿಜಸ್ಥಿತಿಯನ್ನು ಅರಿಯುವುದು, ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಶಾಂತವಾಗಿ ವಿಚಾರ ಮಾಡುವುದು. ಪಾರ್ಸನ್ಸ್ ಅದೇ ವರ್ಷ ತೀರಿಕೊಂಡರು, ಆದರೆ ಆ ಚೌಕಟ್ಟು ಇಂದಿಗೂ ಉಳಿದಿದೆ. ನಿಮ್ಮ ಪರೀಕ್ಷೆ ಮೊದಲನೆಯ ಭಾಗವನ್ನು ಮುಟ್ಟುತ್ತದೆ, ಉಪನ್ಯಾಸ ಎರಡನೆಯದನ್ನು ಅಷ್ಟಿಷ್ಟು ಮುಟ್ಟುತ್ತದೆ. ಮೂರನೆಯದಕ್ಕೆ ಕಾರ್ಯಕ್ರಮದಲ್ಲಿ ಸಮಯವನ್ನೇ ಇಟ್ಟಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ದೊಡ್ಡ ಉಪನ್ಯಾಸದ ಬದಲು, ಒಂದು ಸಂಜೆಗೆ ಒಬ್ಬ ಸಾಮಾನ್ಯ ಕೆಲಸಗಾರರು ಮತ್ತು ಐದಾರು ವಿದ್ಯಾರ್ಥಿಗಳು ಸುತ್ತ ಕುಳಿತು ಮಾತನಾಡುವಂತೆ ಮಾಡಿ, ಸಾಧ್ಯವಾದಾಗ ಅವರು ಕೆಲಸ ಮಾಡುವ ಸ್ಥಳಕ್ಕೇ ಕರೆದೊಯ್ಯಿರಿ. ಸಾಮಾನ್ಯ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಶಿಖರ ಮುಟ್ಟಿದವರ ಕಥೆಯಲ್ಲಿ ಛಲ ಕಾಣುತ್ತದೆಯೇ ಹೊರತು ಕೆಲಸ ಕಾಣುವುದಿಲ್ಲ. ರಕ್ತಪರೀಕ್ಷೆಯ ಪ್ರಯೋಗಾಲಯವೊಂದಕ್ಕೆ ನಾನು ಕೆಲವು ಹುಡುಗಿಯರನ್ನು ಕರೆದೊಯ್ದಿದ್ದೆ. ಅಲ್ಲಿನ ಟೆಕ್ನೀಷಿಯನ್ ಪ್ರತಿ ಟ್ಯೂಬನ್ನು ಕೈಗೆತ್ತಿಕೊಂಡಾಗಲೂ ಅದರ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಚೀಟಿಯೊಂದಿಗೆ ಹೋಲಿಸಿ ನೋಡುತ್ತಿದ್ದರು, ಯಂತ್ರದಲ್ಲಿಡುವ ಮುನ್ನ ಮತ್ತೊಮ್ಮೆ ನೋಡುತ್ತಿದ್ದರು. ಇಷ್ಟು ಸಲ ಏಕೆ ನೋಡುತ್ತೀರಿ ಎಂದು ಒಬ್ಬಳು ಕೇಳಿದಾಗ, "ಹೆಸರು ಅದಲುಬದಲಾದರೆ ಒಬ್ಬರ ಕಾಯಿಲೆಗೆ ಇನ್ನೊಬ್ಬರು ಔಷಧ ನುಂಗಬೇಕಾಗುತ್ತದಮ್ಮ" ಎಂದರು. ದಿನವಿಡೀ ಒಂದೇ ಎಚ್ಚರದಲ್ಲಿರುವುದು ತನ್ನಿಂದಾಗದು ಎಂದು ಆ ಹುಡುಗಿಗೆ ಅಂದೇ ಅನಿಸಿತು. ಅವಳ ಗೆಳತಿಗೆ ಅದೇ ಕಾರಣಕ್ಕೆ ಆ ಕೆಲಸ ಹಿಡಿಸಿತು. ನನ್ನ ದೃಷ್ಟಿಯಲ್ಲಿ ಎರಡೂ ಲಾಭವೇ. ಭೇಟಿಯ ನಂತರದ ವಾರ ಅವರನ್ನು ಮತ್ತೆ ಕೂರಿಸಿ, ಏನು ಇಷ್ಟವಾಯಿತು, ಏನು ಬೇಸರ ತಂದಿತು, ಈ ಕೆಲಸಕ್ಕೆ ಹೋಗಲು ಏನು ಓದಬೇಕು, ಅದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ಅವರಿಂದಲೇ ಹೇಳಿಸಿದೆವು. ಪಾರ್ಸನ್ಸ್ ಹೇಳಿದ ಮೂರನೆಯ ಭಾಗ ಇದೇ.

ಭೇಟಿಗಳಿಂದ ಇನ್ನೊಂದು ಪ್ರಯೋಜನವಿದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯದವರ ಮೂಲಕ ಕೆಲಸ ಪಡೆದವರಲ್ಲಿ ಆ ಪರಿಚಯದವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಶೇ 17ರಷ್ಟು ಮಾತ್ರ. ಉಳಿದವರಿಗೆ ಸುದ್ದಿ ತಲುಪಿಸಿದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವ ಜನ. ಅನುಕೂಲಸ್ಥರ ಮಕ್ಕಳಿಗೆ ಇಂಥ ದೂರದ ಪರಿಚಯಗಳು ತಂದೆತಾಯಿಯಿಂದಲೇ ಬರುತ್ತವೆ. ಅವು ಇಲ್ಲದ ಮಕ್ಕಳಿಗೆ ಅವನ್ನು ಕಟ್ಟಿಕೊಡಲು ನಿಮ್ಮಂಥ ಸಮುದಾಯ ಕಾರ್ಯಕ್ರಮಕ್ಕೆ ಸಾಧ್ಯವಿದೆ.

ಉತ್ತರ 2

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಪರೀಕ್ಷೆಯನ್ನು ಬಿಟ್ಟುಬಿಡಿ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಅವರು 1959ರಲ್ಲಿ ಮಂಡಿಸಿದ ಸಿದ್ಧಾಂತವು ಜನರ ಒಲವನ್ನೂ ಕೆಲಸದ ವಾತಾವರಣವನ್ನೂ ಒಂದೇ ಬಗೆಯ ಆರು ಗುಂಪುಗಳಲ್ಲಿ ನೋಡುತ್ತದೆ: ಕೈಕೆಲಸ, ಶೋಧನೆ, ಕಲೆ, ಜನರಿಗೆ ನೆರವಾಗುವುದು, ಮುಂದಾಳುತನ, ಲೆಕ್ಕಪತ್ರಗಳ ಕ್ರಮಬದ್ಧ ಕೆಲಸ. ಇದನ್ನು ಆಧರಿಸಿದ ಪರೀಕ್ಷೆಯ ಫಲಿತಾಂಶವನ್ನು ತೀರ್ಪಿನಂತೆ ಕೈಗಿತ್ತರೆ ಅಪಾಯ; ಮಾತಿನ ಆರಂಭಕ್ಕೆ ಬಳಸಿದರೆ ಬಹಳ ಉಪಯುಕ್ತ. "ನಿನಗೆ ಕೈಕೆಲಸದಲ್ಲಿ ಹೆಚ್ಚು ಅಂಕ ಬಂದಿದೆ, ಇದು ನಿಜವೆನಿಸುತ್ತದೆಯೇ, ಏನನ್ನಾದರೂ ಬಿಚ್ಚಿ ಜೋಡಿಸಿದ್ದು ನೆನಪಿದೆಯೇ?" ಎಂದು ಕೇಳಿ ನೋಡಿ, ಮಾತೇ ಆಡದ ಹುಡುಗನೂ ಹೇಳತೊಡಗುತ್ತಾನೆ.

ವಯಸ್ಸಿನ ಬಗ್ಗೆಯೂ ಯೋಚಿಸಿ. ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಮಕ್ಕಳು ವೃತ್ತಿಗಳನ್ನು ಆರಿಸಿಕೊಳ್ಳುವುದಕ್ಕಿಂತ ಬಹಳ ಮೊದಲೇ ತಳ್ಳಿಹಾಕಲು ಶುರುಮಾಡುತ್ತಾರೆ: ಆರರಿಂದ ಎಂಟು ವರ್ಷದ ಹೊತ್ತಿಗೆ "ಇದು ಹುಡುಗರ ಕೆಲಸ, ಇದು ಹುಡುಗಿಯರ ಕೆಲಸ" ಎಂದು, ಒಂಬತ್ತರ ನಂತರ "ಇದು ಗೌರವದ ಕೆಲಸ, ಇದು ಕೀಳು" ಎಂದು. ಹೀಗೆ ಒಮ್ಮೆ ಕೈಬಿಟ್ಟ ಕೆಲಸದತ್ತ ಅವರು ತಾವಾಗಿಯೇ ಹಿಂತಿರುಗಿ ನೋಡುವುದು ಕಡಿಮೆ. ಹದಿನಾಲ್ಕರ ಹುಡುಗಿ ನಿಮ್ಮ ಕೋಣೆಗೆ ಬರುವ ಹೊತ್ತಿಗೆ ಅವಳ ಪಟ್ಟಿಯಿಂದ ಅನೇಕ ಕೆಲಸಗಳು ಅಳಿಸಿಹೋಗಿರುತ್ತವೆ. ಆದುದರಿಂದ ಅತಿಥಿಗಳನ್ನು ಆರಿಸುವಾಗ ಮಹಿಳಾ ಎಲೆಕ್ಟ್ರಿಷಿಯನ್ ಅಥವಾ ಪುರುಷ ನರ್ಸ್ ಸಿಕ್ಕರೆ ಮೊದಲು ಅವರನ್ನೇ ಕರೆಯಿರಿ, ಮತ್ತು ಸಾಧ್ಯವಾದರೆ ಚಿಕ್ಕ ಮಕ್ಕಳಿಗೂ ಒಂದು ಸಂಜೆಯನ್ನು ಮೀಸಲಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಣ್ಣ ಗುಂಪಿನ ಭೇಟಿಗಳನ್ನು ಖಂಡಿತ ಆರಂಭಿಸುತ್ತೇವೆ. ಇದರ ಜೊತೆಗೆ, ಪ್ರತಿ ವಿದ್ಯಾರ್ಥಿಗೂ ಒಬ್ಬ ಮಾರ್ಗದರ್ಶಕರನ್ನು ಜೋಡಿಸಬೇಕೆಂಬ ಆಸೆ ನಮ್ಮ ತಂಡಕ್ಕಿದೆ. ಆದರೆ ಮುಂದೆ ಬಂದಿರುವ ಸ್ವಯಂಸೇವಕರಲ್ಲಿ ಹಲವರು ಎರಡು ಮೂರು ತಿಂಗಳಷ್ಟೇ ಕೊಡಬಲ್ಲೆವು ಎನ್ನುತ್ತಾರೆ. ಏನೂ ಇಲ್ಲದಿರುವುದಕ್ಕಿಂತ ಅದು ಮೇಲಲ್ಲವೇ?

ಉತ್ತರ 3

ಅಲ್ಲ ಎಂದೇ ಹೇಳಬೇಕಾಗುತ್ತದೆ. ಸಂಶೋಧಕರಾದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾರ್ಗದರ್ಶಕರೊಂದಿಗಿನ ಸಂಬಂಧ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದ ಮಕ್ಕಳಿಗೆ ಹೆಚ್ಚಿನ ಪ್ರಯೋಜನ ಕಂಡಿತು. ಆ ಸಂಬಂಧ ಮೂರು ತಿಂಗಳೊಳಗೆ ಮುರಿದುಬಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗಿತ್ತು. ದೊಡ್ಡವರು ಅರ್ಧಕ್ಕೆ ಕೈಬಿಟ್ಟು ಹೋದ ಅನುಭವ ಮೊದಲೇ ಇರುವ ಮಗುವಿಗೆ ಅದೇ ನೋವನ್ನು ಮತ್ತೆ ಕೊಡುವ ಹಕ್ಕು ನಮಗಿಲ್ಲ. ಕಡಿಮೆ ಸಮಯ ಕೊಡಬಲ್ಲವರಿಗೆ ಕಡಿಮೆ ಸಮಯದ ಕೆಲಸವನ್ನೇ ಕೊಡಿ: ಬಯೋಡೇಟಾ ತಿದ್ದುವುದು, ಅಣಕು ಸಂದರ್ಶನ ನಡೆಸುವುದು, ಅಪರಿಚಿತ ಕಚೇರಿಗೆ ಫೋನ್ ಮಾಡಿ ತನ್ನ ಹೆಸರು ಹೇಳಿ ವಿಷಯ ಕೇಳುವುದನ್ನು ಅಭ್ಯಾಸ ಮಾಡಿಸುವುದು. ಈ ಕೊನೆಯದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. ಒಳ್ಳೆಯ ಅಂಕ ಪಡೆದ ಹುಡುಗರೂ ಫೋನ್ ಕೈಯಲ್ಲಿ ಹಿಡಿದು, ಮೊದಲ ವಾಕ್ಯ ಹೇಗೆ ಆರಂಭಿಸಬೇಕೆಂದು ತಿಳಿಯದೆ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಆ ವಾಕ್ಯವನ್ನು ಮೊದಲು ಬರೆಸಿ, ಒಮ್ಮೆ ಜೋರಾಗಿ ಓದಿಸಿ, ಬಳಿಕ ಕರೆ ಮಾಡಿಸಿದರೆ ಮುಂದಿನ ಕರೆಯನ್ನು ಅವರೇ ಮಾಡುತ್ತಾರೆ.

ಓದು, ಕೆಲಸ ಮತ್ತು ಪರಿಚಯಗಳು ಒಂದಕ್ಕೊಂದು ಹೆಣೆದುಕೊಂಡು ಬಹುಕಾಲ ನಡೆದರೆ ಏನಾಗುತ್ತದೆ ಎಂಬುದಕ್ಕೂ ಆಧಾರವಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1969ರಲ್ಲಿ ಆರಂಭವಾದ ಕರಿಯರ್ ಅಕಾಡೆಮಿಗಳು ಪ್ರೌಢಶಾಲೆಯೊಳಗೇ ಒಂದು ವೃತ್ತಿಕ್ಷೇತ್ರದ ಸುತ್ತ ಪಾಠಗಳನ್ನು ಜೋಡಿಸಿ, ಸ್ಥಳೀಯ ಉದ್ಯೋಗದಾತರನ್ನು ಜೊತೆಗೆ ಸೇರಿಸಿಕೊಂಡವು. ಇಂಥ ಅಕಾಡೆಮಿಗಳಿಗೆ ಅರ್ಜಿ ಹಾಕಿದವರಲ್ಲಿ ಲಾಟರಿಯಿಂದ ಪ್ರವೇಶ ಪಡೆದವರನ್ನೂ ಪಡೆಯದವರನ್ನೂ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ವರ್ಷಗಟ್ಟಲೆ ಹಿಂಬಾಲಿಸಿ ನೋಡಿತು. ಪ್ರವೇಶ ಪಡೆದವರ ಪರೀಕ್ಷೆಯ ಅಂಕಗಳು ಹೆಚ್ಚಲಿಲ್ಲ. ಆದರೆ ಪ್ರೌಢಶಾಲೆಯ ಅವಧಿ ಮುಗಿದ ನಂತರದ ಎಂಟು ವರ್ಷಗಳಲ್ಲಿ ಅವರ ಗಳಿಕೆ ವರ್ಷಕ್ಕೆ ಸರಾಸರಿ ಶೇ 11ರಷ್ಟು ಹೆಚ್ಚಿತ್ತು. ಅಷ್ಟು ದೊಡ್ಡ ವ್ಯವಸ್ಥೆ ನಿಮ್ಮಿಂದಾಗಲಾರದು, ಸರಿ. ಆದರೆ ಅದೇ ಮಕ್ಕಳು ವರ್ಷವಿಡೀ ಬರುವಂತೆ ನೋಡಿಕೊಳ್ಳುವುದು ಖಂಡಿತ ಸಾಧ್ಯ.

ಕೆಲಸದ ಅನುಭವ ಕೊಡಿಸುವಾಗ ಒಂದು ಮಾತು. ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಹೋಗಬಲ್ಲವರು ಮನೆಯಲ್ಲಿ ಅನುಕೂಲವಿರುವ ಮಕ್ಕಳು ಮಾತ್ರ. ದುಡಿಮೆ ಅನಿವಾರ್ಯವಾಗಿರುವ ಹುಡುಗ ಮೊದಲ ವಾರದಲ್ಲೇ ಹಿಂದೆ ಸರಿಯುತ್ತಾನೆ, ನಾವು ಅದನ್ನು ನಿರಾಸಕ್ತಿ ಎಂದು ಬರೆದುಕೊಳ್ಳುತ್ತೇವೆ. ಉದ್ಯೋಗದಾತರಿಂದ ಸಂಬಳ ಕೊಡಿಸಲಾಗದಿದ್ದರೆ ಕನಿಷ್ಠ ಪ್ರಯಾಣದ ಖರ್ಚನ್ನಾದರೂ ಕೊಡಿಸಿ, ಅಪ್ರಾಪ್ತರನ್ನು ಕಳಿಸುವ ಮುನ್ನ ಆ ಸ್ಥಳವನ್ನು ಒಬ್ಬರು ಹೋಗಿ ನೋಡಿ ಬನ್ನಿ, ಪೋಷಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಒಪ್ಪಿಗೆ ಪತ್ರವೂ, ಕೆಲಸದ ಸ್ಥಳದಲ್ಲಿ ಗಮನಿಸಬೇಕಾದ ಸುರಕ್ಷತೆಯ ಅಂಶಗಳ ಪಟ್ಟಿಯೂ ನಮ್ಮ ತಂಡದಲ್ಲಿ ಸಿದ್ಧವಾಗಿವೆ. ಬೇಕಿದ್ದರೆ ತಿಳಿಸಿ, ಇಲ್ಲಿಯೇ ಹಾಕುತ್ತೇನೆ.