ಸಹಾಯ ಬೇಕು: ದುರ್ಯೋಧನ ಬೆವರಿದ್ದು ಭಯಕ್ಕೋ, ಸಿಟ್ಟಿಗೋ?

ನಮಸ್ಕಾರ, ಸೋಮವಾರಪೇಟೆಯಿಂದ ಬರೆಯುತ್ತಿದ್ದೇನೆ. ಅಕ್ಕನ ಮಗಳಿಗೆ ರನ್ನನ ಗದಾಯುದ್ಧ ಹೇಳಿಕೊಡುತ್ತಾ ದುರ್ಯೋಧನ ಅಡಗಿ ಕೂತ ವೈಶಂಪಾಯನ ಸರೋವರದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇವೆ. ಭೀಮನ ಅಬ್ಬರ ಕೇಳಿ ದುರ್ಯೋಧನ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’, ಅಂದರೆ ನೀರೊಳಗಿದ್ದೂ ಬೆವರಿದ. ಇದು ಹೆದರಿಕೆಯ ಬೆವರು ಅಂತ ಅವಳ ವಾದ. ಗೈಡಿನಲ್ಲೂ ಹಾಗೇ ಇದೆಯಂತೆ (ಗೈಡಿಗೇನು ಬಿಡಿ). ಆದರೆ ಅದೇ ಪದ್ಯದಲ್ಲಿ ‘ಕೋಪಾರುಣನೇತ್ರಂ’ ಅಂತಲೂ ಇದೆ ಅಲ್ವಾ? ಸಿಟ್ಟಿಗೆ ಕಣ್ಣು ಕೆಂಪಾದವನು ಹೆದರಿ ಬೆವರುತ್ತಾನಾ? ಅವನು ನೀರಿಗಿಳಿದದ್ದೂ ಭೀಷ್ಮರ ಮಾತಿಗೆ ಕಟ್ಟುಬಿದ್ದು, ಜೀವಭಯಕ್ಕಲ್ಲ.

ಇನ್ನೊಂದು. ‘ಉರಗಪತಾಕ’, ಅಂದರೆ ಹಾವಿನ ಬಾವುಟದವನು, ಇಲ್ಲಿ ಸುಮ್ನೆ ಛಂದಸ್ಸಿಗೆ ಬಂದಿದ್ದೋ, ಅಥವಾ ಒಳಗೇ ಬುಸುಗುಡುವ ಹಾವನ್ನು ಕಾಣಿಸುವುದಕ್ಕೋ? ಹಳಗನ್ನಡ ಬಲ್ಲವರು ಹೇಳಿ. ವಾಯ್ಸ್ ಮೆಸೇಜ್ ಬೇಡ, ಟೈಪ್ ಮಾಡಿ. ಈ ಮಳೆಗೆ ನೆಟ್‌ವರ್ಕ್ ನಿಲ್ಲುತ್ತಿಲ್ಲ.