ಎರಡು ಗ್ರಾಫಿಕ್ಸ್ ಕಾರ್ಡುಗಳ ಜೋಡಿ: ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಹಾಸನದ ಸದಸ್ಯ: ನಮಸ್ಕಾರ ಸರ್. ನನ್ನಲ್ಲಿ ಎಎಮ್‌ಡಿ ಕಂಪನಿಯ ಒಂದು ಆರ್‌9 290 ಕಾರ್ಡ್ ಮತ್ತು ಕಂಪ್ಯೂಟರಿಗೆ ವಿದ್ಯುತ್ ಕೊಡುವ 550 ವ್ಯಾಟಿನ ಎಸ್‌ಎಂಪಿಎಸ್ ಇವೆ. ಇನ್ನೊಂದು ಹಳೆಯ 290 ಕೊಂಡು, ಎರಡನ್ನೂ ಜೋಡಿಸುವ ಎಎಮ್‌ಡಿ ವಿಧಾನವಾದ ಕ್ರಾಸ್‌ಫೈರ್ ಮಾಡಲೇ, ಇಲ್ಲವೇ ಇದನ್ನು ಮಾರಿ ಎನ್ವಿಡಿಯಾ ಕಂಪನಿಯ ಎರಡು ಜಿಟಿಎಕ್ಸ್ 970 ಹಾಕಿ, ಅವರ ಜೋಡಣೆ ವಿಧಾನವಾದ ಎಸ್‌ಎಲ್‌ಐ ಮಾಡಲೇ? ಮದರ್‌ಬೋರ್ಡಿನ ಎರಡನೆಯ ಸ್ಲಾಟ್ ಎಕ್ಸ್4, ಅಂದರೆ ಮಾಹಿತಿ ಸಾಗಲು ನಾಲ್ಕೇ ಹಾದಿಗಳು. ಗೆಳೆಯನ 290 ತಂದು ಎರಡು ದಿನ ಆಡಿದಾಗ ಸ್ವಲ್ಪ ಸುಟ್ಟ ವಾಸನೆ ಬಂದಿತ್ತು.

ತಂತ್ರಜ್ಞ: ಕೊನೆಯ ವಾಕ್ಯವನ್ನು ನೀವು ಮೊದಲು ಬರೆಯಬೇಕಿತ್ತು. ಭಾರ ಬಿದ್ದಾಗ ಒಂದೊಂದು 290 ಸುಮಾರು 250 ವ್ಯಾಟ್ ಎಳೆಯುತ್ತದೆ. ಎರಡಕ್ಕೇ 500 ಹೋದ ಮೇಲೆ ಪ್ರೊಸೆಸರಿಗೆ ಉಳಿಯುವುದೇನು? ಕೂಡಲೇ ಎರಡನೆಯ ಕಾರ್ಡ್ ತೆಗೆದು, ವಿದ್ಯುತ್ ಕೇಬಲ್ಲಿನ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. 970 ಆದರೆ 145 ವ್ಯಾಟ್ ಸಾಕು, ಆದರೆ ಎನ್ವಿಡಿಯಾ ಡ್ರೈವರ್ ಎಕ್ಸ್4 ಸ್ಲಾಟಿನಲ್ಲಿ ಎಸ್‌ಎಲ್‌ಐಗೆ ಒಪ್ಪುವುದೇ ಇಲ್ಲ, ಕನಿಷ್ಠ ಎಕ್ಸ್8 ಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಈ ಎರಡೂ ವಿಧಾನಗಳಲ್ಲಿ ಕಾರ್ಡುಗಳು ಸರದಿಯಂತೆ ಒಂದೊಂದು ಫ್ರೇಮ್ (ಪರದೆಯ ಒಂದು ಚಿತ್ರ) ಬಿಡಿಸುತ್ತವೆ. ಈಗಿನ ಆಟಗಳಾದರೋ ಹಿಂದಿನ ಫ್ರೇಮಿನ ಮಾಹಿತಿಯನ್ನು ಮುಂದಿನದಕ್ಕೆ ಬಳಸುವುದರಿಂದ ಒಂದು ಕಾರ್ಡ್ ಇನ್ನೊಂದಕ್ಕಾಗಿ ಕಾಯುತ್ತಾ ಕೂರುತ್ತದೆ. 2021ರಿಂದ ಎನ್ವಿಡಿಯಾ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಆಯಾ ಆಟಕ್ಕೆ ತಕ್ಕ ಡ್ರೈವರ್ ಹೊಂದಿಕೆ) ಸೇರಿಸುವುದನ್ನೂ ನಿಲ್ಲಿಸಿದೆ. ಎರಡರ ಹಣದಲ್ಲಿ ಒಂದು ಒಳ್ಳೆಯ ಕಾರ್ಡ್ ಕೊಳ್ಳಿ.

ತುಮಕೂರಿನ ಸದಸ್ಯ: 4 ಜಿಬಿ ಮೆಮೊರಿಯ ಎರಡು ಕಾರ್ಡ್ ಹಾಕಿದರೆ 8 ಜಿಬಿ ಆಗುತ್ತದೆಯೇ ಸರ್?

ತಂತ್ರಜ್ಞ: ಆಗುವುದಿಲ್ಲ. ಎರಡರಲ್ಲೂ ಅದೇ ಮಾಹಿತಿಯ ಪ್ರತಿ ಇರುತ್ತದೆ.

ಮೈಸೂರಿನ ಸದಸ್ಯ: ಕ್ರಾಸ್‌ಫೈರಿನಲ್ಲಿ ಚಿತ್ರ ತಡವರಿಸುತ್ತದೆ. ಜೋಡಿ ಎಂದರೆ ಎಸ್‌ಎಲ್‌ಐ ಮಾತ್ರ.

ಹುಬ್ಬಳ್ಳಿಯ ಸದಸ್ಯ: ಅದು 2013ಕ್ಕಿಂತ ಹಿಂದಿನ ಮಾತು. ಆ ವರ್ಷವೇ ಎಎಮ್‌ಡಿ ಫ್ರೇಮುಗಳ ಅಂತರ ಸರಿಪಡಿಸುವ ಡ್ರೈವರ್ ತಂದಿತು. 290ಕ್ಕೆ ಎರಡು ಕಾರ್ಡುಗಳನ್ನು ಸೇರಿಸುವ ಬ್ರಿಜ್ ಪಟ್ಟಿ ಕೂಡ ಬೇಡ. ನಿಮ್ಮ 970ರ 4 ಜಿಬಿಯಲ್ಲಿ ವೇಗವಾಗಿ ಓಡುವುದು ಮೂರೂವರೆ ಮಾತ್ರ ಎಂಬುದನ್ನು ಏಕೆ ಹೇಳುತ್ತಿಲ್ಲ?

ಮೈಸೂರಿನ ಸದಸ್ಯ: ಚಳಿಗಾಲದಲ್ಲಿ ಕೋಣೆ ಬೆಚ್ಚಗಾಗಬೇಕಿದ್ದರೆ ನಿಮ್ಮ 290 ಇಟ್ಟುಕೊಳ್ಳಿ.

ಬಳ್ಳಾರಿಯ ಸದಸ್ಯ: ಲ್ಯಾಪ್‌ಟಾಪಿಗೆ ಹೊರಗಿನಿಂದ ಎರಡನೆಯ ಕಾರ್ಡ್ ಜೋಡಿಸಬಹುದೇ?

ಶಿರಸಿಯ ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು: ಹಳೆಯ ಎಸ್‌ಎಂಪಿಎಸ್‌ನ ಹಸಿರು ಮತ್ತು ಕಪ್ಪು ತಂತಿಗಳನ್ನು ಪೇಪರ್ ಕ್ಲಿಪ್ಪಿನಿಂದ ಸೇರಿಸಿ ಎರಡನೆಯ ಕಾರ್ಡಿಗೆ ಕೊಟ್ಟರೆ ಖರ್ಚೇ ಇಲ್ಲ. ಕೆಟ್ಟ ಕಾರ್ಡನ್ನು ಓವನ್ನಿನಲ್ಲಿ ಹತ್ತು ನಿಮಿಷ ಇಟ್ಟರೆ ಸರಿಹೋಗುತ್ತದೆ.

ತಂತ್ರಜ್ಞ: ದಯವಿಟ್ಟು ಇದನ್ನು ಅಳಿಸಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಎಸ್‌ಎಂಪಿಎಸ್ ಅನ್ನು ಕ್ಲಿಪ್ಪಿನಿಂದ ಎಬ್ಬಿಸಿ ಅದರ ಮೇಲೆ 250 ವ್ಯಾಟ್ ಹೇರುವವರು ಪಕ್ಕದಲ್ಲಿ ಬೆಂಕಿ ಆರಿಸುವ ಸಾಧನವನ್ನೂ ಇಟ್ಟುಕೊಳ್ಳಲಿ. ಓವನ್ನಿನಲ್ಲಿ ಬೇಯಿಸಿದ ಕಾರ್ಡ್ ಬದುಕಿದರೂ ಕೆಲವೇ ವಾರ. ಆ ಓವನ್ನಿನಲ್ಲಿ ಮತ್ತೆ ಅಡುಗೆ ಮಾಡಬೇಡಿ.

ಶಿರಸಿಯ ಸದಸ್ಯ: ನಾನು ಕಳುಹಿಸಿದೆನಷ್ಟೆ, ಬರೆದವನು ನಾನಲ್ಲ.

ಉಡುಪಿಯ ಸದಸ್ಯೆ: ಎರಡು ಕಾರ್ಡಿನ ಮೆಮೊರಿ ಕೂಡುವುದಿಲ್ಲವೇ?

ತಂತ್ರಜ್ಞ: ಮೇಲೆ ಓದಿ.

ಹಾಸನದ ಸದಸ್ಯ: ಈಗ ಬಿಚ್ಚಿ ನೋಡಿದೆ ಸರ್. 8 ಪಿನ್ನಿನ ಕನೆಕ್ಟರಿನಲ್ಲಿ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಅಂಚು ಕರಗಿದೆ. ಸೆಟ್ಟಿಂಗ್ ತಗ್ಗಿಸಿ ಆಡಬಹುದೇ?

ತಂತ್ರಜ್ಞ: ಒಂದು ಕಾರ್ಡಿನಲ್ಲೂ ಆಡಬೇಡಿ. ಆ ಎಸ್‌ಎಂಪಿಎಸ್ ಅನ್ನು ಮತ್ತೆ ಪ್ಲಗ್ಗಿಗೆ ಹಾಕಬೇಡಿ. ಕಾರ್ಡಿನ ಕಡೆಯ ಪಿನ್ನೂ ಕಪ್ಪಾಗಿದೆಯೇ? ಹತ್ತಿರದಿಂದ ಫೋಟೊ ತೆಗೆದು ಹಾಕಿ.